ಊರಿನ ಟ್ರಸ್ಟ್‌ಗೆ ಟ್ರಸ್ಟಿ ಆಗು ಅಂತ ಹಿರಿಯರು ಹಿಂದೆ ಬಿದ್ದಿದ್ದಾರೆ. ಸಹಿ ಹಾಕ್ಲಾ, ತಪ್ಪಿಸ್ಕೊಳ್ಲಾ?

ಹೊಳೆಬದಿ_ಹುಡುಗ
ಉದ್ದ ಇದೆ, ಕ್ಷಮಿಸಿ.

ನಮ್ಮದು ಮಲೆನಾಡಿನ ಒಂದು ತಾಲೂಕು ಕೇಂದ್ರ. ಊರ ಹೆಸರು ಬೇಡ, ಹೇಳಿದ್ರೆ ನಾಳೆ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹೋಟೆಲ್‌ನಲ್ಲಿ ಇದೇ ಮಾತು. 1994ರಲ್ಲಿ ಊರಿನ ಏಳು ಜನ ಸೇರಿ ಒಂದು ಟ್ರಸ್ಟ್ ಮಾಡಿದ್ರು. ಕಿರಾಣಿ ಅಂಗಡಿಯವರು, ಒಬ್ಬ ಡಾಕ್ಟ್ರು, ಪೋಸ್ಟ್ ಮಾಸ್ಟ್ರು, ಅಡಿಕೆ ಮಂಡಿಯವರು ಹೀಗೆ. ಒಂದು ಮುಕ್ತಿವಾಹನ, ಹೆಣ ಇಡೋ ಫ್ರೀಜರ್ ಪೆಟ್ಟಿಗೆ ಎರಡು, ವೀಲ್ ಚೇರ್ ಹನ್ನೆರಡು, ತಲೆ ಕಡೆ ಎತ್ತಿ ಇಳಿಸೋ ಮಂಚ ಆರು, ಕೋವಿಡ್ ಹೊತ್ತಲ್ಲಿ ಯಾರೋ ಕೊಟ್ಟ ಆಕ್ಸಿಜನ್ ಮೆಷಿನ್ ಎರಡು. ಜೂನ್ ಬಂತಂದ್ರೆ ಒಂದಿಷ್ಟು ಮಕ್ಕಳಿಗೆ ಕಾಲೇಜ್ ಫೀಸು. ಇಷ್ಟೇ ಟ್ರಸ್ಟು. ನಮ್ಮಜ್ಜಿ ಕೊನೇ ಎಂಟು ತಿಂಗಳು ಮಲಗಿದ್ದು ಅವರ ಮಂಚದಲ್ಲೇ.

ಈಗ ಏಳರಲ್ಲಿ ಮೂವರು ಇಲ್ಲ. ಒಬ್ರು ಬೆಂಗಳೂರಲ್ಲಿ ಮಗಳ ಮನೇಲಿದ್ದಾರೆ, ಅವರಿಗೆ ಯಾರ ಗುರುತೂ ಸಿಗಲ್ಲ. ಉಳಿದ ಮೂವರಲ್ಲಿ ಓಡಾಡೋದು ಒಬ್ರೇ, ಖಜಾಂಚಿ ಪೋಸ್ಟ್ ಮಾಸ್ಟ್ರು, 81 ವರ್ಷ. ಹೋದ ವಾರ ಮನೆಗೆ ಬಂದು, ಅಮ್ಮನ ಕಾಫಿ ಕುಡಿದು, "ನಿಂಗೆ ಕಂಪ್ಯೂಟರ್ ಬರತ್ತಲ್ಲ, ನೀನು ಸೇರ್ಕೋ" ಅಂದ್ರು. ನಾನು ವರ್ಕ್ ಫ್ರಂ ಹೋಮ್ ಗಿರಾಕಿ, 34 ವರ್ಷ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ.

ಕಾಗದ ಪತ್ರ ನೋಡ್ತೀನಿ ಅಂತ ಒಂದು ಚೀಲ ತಂದೆ. ತಂದ ಮೇಲೆ ನಿದ್ದೆ ಇಲ್ಲ. ಮುಕ್ತಿವಾಹನದ ಆರ್‌ಸಿ ತೀರಿಹೋದ ಅಧ್ಯಕ್ಷರ ಸ್ವಂತ ಹೆಸರಲ್ಲಿದೆ. ಬ್ಯಾಂಕ್ ಖಾತೆಗೆ ಮೂವರ ಜಂಟಿ ಸಹಿ, ಅದರಲ್ಲಿ ಇಬ್ರು ಸತ್ತಿದ್ದಾರೆ. ಸ್ವಲ್ಪ ದುಡ್ಡು ಒಂದು ಸೌಹಾರ್ದ ಸಹಕಾರಿಯಲ್ಲಿ, ಯಾಕಂದ್ರೆ "ಅಲ್ಲಿ ಒಂದು ಪರ್ಸೆಂಟ್ ಬಡ್ಡಿ ಜಾಸ್ತಿ". ಇನ್‌ಕಂ ಟ್ಯಾಕ್ಸ್ ಕಡೆಯಿಂದ ಬಂದ ಮೂರು ಲಕೋಟೆ ಹಾಗೇ ಇವೆ, ಅಂಟು ಕೂಡ ಬಿಚ್ಚಿಲ್ಲ.

ಏನ್ಮಾಡ್ಲಿ?

ಸುಮ್ನೆ_ಓದ್ತೀನಿ
ಓಡು.

ಎಲ್ಲಾ_ಕಳ್ರೇ
ಇಂಥ ಟ್ರಸ್ಟ್ ಎಷ್ಟು ನೋಡಿಲ್ಲ. ಟ್ಯೂಬ್‌ಲೈಟ್ ಒಂದು ದಾನ ಕೊಟ್ಟು, ಬೆಳಕು ಬೀಳದ ಹಾಗೆ ಅದರ ಮೇಲೆ ಉದ್ದಕ್ಕೂ ಹೆಸರು ಬರೆಸೋ ಜಾತಿ. ನಿಮ್ಮನ್ನ ಕರೀತಿರೋದು ಸೇವೆಗಲ್ಲ ಗುರು, ನಾಳೆ ನೋಟಿಸ್ ಬಂದಾಗ ಸಹಿ ಹಾಕಿ ತಗೊಳ್ಳೋಕೆ ಒಂದು ತಲೆ ಬೇಕು, ಅದಕ್ಕೆ.

ಕುಂದಾಪ್ರದ_ಗಾಳಿ
ಮೇಲಿನವ್ರೇ, ಅಧ್ಯಕ್ಷರು ಸ್ವಂತ ಹೆಸರಲ್ಲಿ ಗಾಡಿ ತೆಗ್ದದ್ದು ಕಳ್ಳತನಕ್ಕಲ್ಲ ಮಾರಾಯ್ರೆ. ಆಗ ಟ್ರಸ್ಟ್‌ಗೆ ಪ್ಯಾನ್ ಇರ್ಲಿಕ್ಕಿಲ್ಲ, ಶೋರೂಮಿನವ ನಿಮ್ಮ ಹೆಸರೇ ಹಾಕುವ ಅಂದಿರ್ಬಹುದು. ನಮ್ಮಲ್ಲಿ ದೇವಸ್ಥಾನದ ಜನರೇಟರ್ ಬಿಲ್ಲೇ ಮೊಕ್ತೇಸರ್ರ ಅಳಿಯನ ಹೆಸರಲ್ಲಿ ಉಂಟು.

ಕಟಕಟೆ
ವಕೀಲ ನಾನು. ಆರ್‌ಸಿ ವಿಷಯ ಮೊದಲು, ಬಾಕಿ ಎಲ್ಲಾ ಆಮೇಲೆ.

ಮಾಲೀಕ ಸತ್ತ ಮೇಲೆ ಗಾಡಿ ಕಾನೂನಿನ ಕಣ್ಣಲ್ಲಿ ವಾರಸುದಾರರದ್ದು. ಆರ್‌ಟಿಒದಲ್ಲಿ ಫಾರಂ 31 ಹಾಕಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ಅದಕ್ಕೆ ಮೂರು ತಿಂಗಳ ಗಡುವಿತ್ತು, ಈಗ ದಂಡ ಕಟ್ಟಿ. ಆಮೇಲೆ ಅವರಿಂದ ಟ್ರಸ್ಟ್‌ಗೆ ಫಾರಂ 29, 30. ಮನೆಯವರು ಒಳ್ಳೆಯವರಿದ್ದಾಗಲೇ ಮಾಡಿಸ್ಕೊಳ್ಳಿ. ಮನೆ ಪಾಲಾಗುವ ಹೊತ್ತಿಗೆ ಮೂರನೇ ಸೊಸೆ "ಗಾಡೀಲಿ ನಮಗೂ ಪಾಲಿದೆ" ಅಂದ್ರೆ ಮುಕ್ತಿವಾಹನಕ್ಕೇ ಮುಕ್ತಿ ಇರಲ್ಲ.

ಇನ್ಶೂರೆನ್ಸ್ ಯಾರ ಹೆಸರಲ್ಲಿದೆ ನೋಡಿ. ಹೆಣ ಇಳಿಸಿ ವಾಪಸ್ ಬರುವಾಗ ಯಾರಿಗಾದ್ರೂ ಗುದ್ದಿದ್ರೆ ಎಂಎಸಿಟಿ (ಅಪಘಾತ ಪರಿಹಾರದ ಕೋರ್ಟು) ಕೇಸಲ್ಲಿ ಕಂಪನಿ ಮೊದಲು ಕೇಳೋದೇ "ಮಾಲೀಕ ಯಾರು".

ಹೊಳೆಬದಿ_ಹುಡುಗ
ಇನ್ಶೂರೆನ್ಸ್ ಚಾಲ್ತಿಯಲ್ಲಿದೆ, ಆದ್ರೆ ಅದೂ ಅಧ್ಯಕ್ಷರ ಹೆಸರಲ್ಲೇ. ಪ್ರತಿ ವರ್ಷ ಪೋಸ್ಟ್ ಮಾಸ್ಟ್ರು ತಪ್ಪದೆ ಕಟ್ಟಿದ್ದಾರೆ. ಸತ್ತವರ ಹೆಸರಲ್ಲಿ.

ಜೋಳದರೊಟ್ಟಿ
ಯಪ್ಪಾ, ನಗಬೇಕೋ ಅಳಬೇಕೋ ತಿಳೀವಲ್ತು.

ಆಡಿಟ್_ಅಣ್ಣ
ಸಿಎ ನಾನು. ಇಂಥ ಹತ್ತಾರು ಸಣ್ಣ ಟ್ರಸ್ಟ್‌ಗಳ ಲೆಕ್ಕ ನೋಡ್ತೀನಿ, ಅರ್ಧದಷ್ಟು ಪುಕ್ಕಟೆ. (2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಅಂತ ಸೆಕ್ಷನ್ ನಂಬರೆಲ್ಲ ಬದಲು. ಎಲ್ಲರ ಬಾಯಲ್ಲೂ ಇನ್ನೂ ಹಳೇ ನಂಬರೇ, ನಾನೂ ಅದರಲ್ಲೇ ಹೇಳ್ತೀನಿ.)

ಚೀಲದಲ್ಲಿ ಮೊದಲು ಹುಡುಕಬೇಕಾದ್ದು 12ಎ ಪ್ರಮಾಣಪತ್ರ, ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡೋ ನೋಂದಣಿ. ಮೊದಲು ಒಮ್ಮೆ ಕೊಟ್ರೆ ಆಯುಷ್ಯಪೂರ್ತಿ ಇತ್ತು. 2021ರ ಏಪ್ರಿಲ್‌ನಿಂದ ಎಲ್ಲರೂ ಮತ್ತೆ ಅರ್ಜಿ ಹಾಕಿ 12ಎಬಿ ಅಡಿ ಹೊಸದಾಗಿ ನೋಂದಣಿ ಮಾಡಿಸ್ಕೋಬೇಕು ಅಂತಾಯ್ತು. ಗಡುವು ಮುಂದೂಡಿ ಮುಂದೂಡಿ ಕೊನೆಗೆ 2024ರ ಜೂನ್ 30ಕ್ಕೆ ನಿಲ್ತು. ಸಣ್ಣೂರಿನ ಎಷ್ಟೋ ಟ್ರಸ್ಟ್‌ಗೆ ಇದು ಗೊತ್ತೇ ಆಗ್ಲಿಲ್ಲ, ಯಾಕಂದ್ರೆ ಇಮೇಲ್ ಹೋಗಿದ್ದು ಯಾವತ್ತೋ ಸೈಬರ್ ಕೆಫೆ ಹುಡುಗ ಮಾಡಿಕೊಟ್ಟ ಐಡಿಗೆ.

ತಪ್ಪಿಹೋಗಿದ್ರೆ ಬರೀ ವಿನಾಯಿತಿ ಹೋಗೋದಲ್ಲ. 115ಟಿಡಿ ಅಂತ ಒಂದಿದೆ, ಟ್ರಸ್ಟಿನ ಆಸ್ತಿಯ ನಿವ್ವಳ ಬೆಲೆ ಮೇಲೇ ತೆರಿಗೆ. ಅದು ವಸೂಲಾಗದಿದ್ರೆ ಟ್ರಸ್ಟಿಗಳ ಹತ್ರ ಬರ್ತಾರೆ. 2024ರ ಅಕ್ಟೋಬರ್‌ನಿಂದ ತಡವಾದ್ದನ್ನ ಮನ್ನಿಸೋ ಅಧಿಕಾರ ಕಮಿಷನರ್‌ಗೆ ಇದೆ, ಕಾರಣ ಸರಿಯಾಗಿ ಬರೀಬೇಕು. ಆದ್ರಿಂದ ಆ ಮೂರು ಲಕೋಟೆ ಇವತ್ತೇ ಒಡೀರಿ. ನಾಳೆ ಅಲ್ಲ.

ಸುಮ್ನೆ_ಓದ್ತೀನಿ
ನಾನು ಆಗ್ಲೇ ಹೇಳ್ದೆ. ಓಡು.

ಹೊಳೆಬದಿ_ಹುಡುಗ
ಒಡೆದೆ. ಒಂದು 2017ರದ್ದು, ಪ್ಯಾನ್ ವಿಳಾಸ ಖಚಿತಪಡಿಸಿ ಅಂತ. ಇನ್ನೊಂದು ಟ್ರಸ್ಟ್‌ದೇ ಅಲ್ಲ, ಪಕ್ಕದ ಬೀದಿಯ ಅಡಿಕೆ ವ್ಯಾಪಾರಿಗೆ ಬರಬೇಕಾದ್ದು! ಮೂರನೇದರಲ್ಲಿ 12ಎಬಿ ಆದೇಶದ ಪ್ರಿಂಟು, 2022ರದ್ದು. ಯಾರೋ ಮಾಡಿಸಿದ್ದಾರೆ ಅಂದ್ರೆ!

ಆಡಿಟ್_ಅಣ್ಣ
ಹಾಗಾದ್ರೆ ನೀವು ಪುಣ್ಯವಂತರು. ಆದ್ರೆ ಅದಕ್ಕೆ 5 ವರ್ಷದ ಅವಧಿ, ಈಗಾಗಲೇ ಮುಗಿದಿದ್ಯಾ ಮೊದಲು ನೋಡಿ. ಯಾವ ವರ್ಷದವರೆಗೆ ಅಂತ ಆದೇಶದಲ್ಲೇ ಬರೆದಿರತ್ತೆ, ಮುಗಿಯೋಕೆ ಆರು ತಿಂಗಳು ಮೊದಲು ನವೀಕರಣಕ್ಕೆ ಫಾರಂ 10ಎಬಿ ಹಾಕಬೇಕು. 2025ರ ತಿದ್ದುಪಡಿ ಆದ್ಮೇಲೆ 5 ಕೋಟಿಗಿಂತ ಕಮ್ಮಿ ಆದಾಯದ ಟ್ರಸ್ಟ್‌ಗೆ ಮುಂದಿನ ಸಲ 10 ವರ್ಷಕ್ಕೆ ಕೊಡ್ತಾರೆ.

80ಜಿ (ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗೋ ನೋಂದಣಿ) ಇದ್ಯಾ? ಇದ್ರೆ ಪ್ರತಿ ಮೇ 31ರೊಳಗೆ 10ಬಿಡಿ ಹಾಕಬೇಕು, ಯಾರ್ಯಾರು ಎಷ್ಟು ಕೊಟ್ರು ಅಂತ. ತಪ್ಪಿದ್ರೆ ದಿನಕ್ಕೆ 200 ರೂಪಾಯಿ.

ಮಂಡ್ಯದ_ಬೆಲ್ಲ
ದಿನಕ್ಕೆ 200ಆ? ನಮ್ಮೂರ ಸಂಘದಲ್ಲಿ ವರ್ಷಕ್ಕೆ 200 ಚಂದಾ ಕೊಡಕ್ಕೆ ಮೂರು ಸಲ ಮನೆ ಬಾಗ್ಲಿಗೆ ಬನ್ನಿ ಅಂತವ್ರೆ.

ಎಲ್ಲಾ_ಕಳ್ರೇ
80ಜಿ ಈಗ ಯಾರಿಗೆ ಬೇಕು? ಹೊಸ ಟ್ಯಾಕ್ಸ್ ಪದ್ಧತೀಲಿ ಅದು ಸಿಗೋದೇ ಇಲ್ಲ. ದಾನಿಗಳ ಅಸಲಿ ಬಣ್ಣ ಈಗ ಗೊತ್ತಾಗತ್ತೆ.

ಆಡಿಟ್_ಅಣ್ಣ
ಅದು ಸತ್ಯ. ಹಳೇ ಪದ್ಧತಿಯಲ್ಲಿ ಇರೋರಿಗೆ ಮಾತ್ರ. ಅವರಿಗೂ 2000ಕ್ಕಿಂತ ಜಾಸ್ತಿ ನಗದು ಕೊಟ್ರೆ ಇಲ್ಲ. ಆದ್ರೆ ನಾನು ನೋಡಿದ ಸಣ್ಣೂರಲ್ಲಿ 80ಜಿ ಕೇಳಿ ಕೊಡೋರು ನೂರಕ್ಕೆ ಹತ್ತು ಜನ ಇರಲ್ಲ. ಶ್ರಾದ್ಧದ ದಿನ ಬಂದು 501 ಕೊಟ್ಟು ಹೋಗೋ ಮನುಷ್ಯ ಪ್ಯಾನ್ ಕಾರ್ಡ್ ತರಲ್ಲ.

ನಿವೃತ್ತ_ಟೀಚರಮ್ಮ
ನಾನು 27 ವರ್ಷದಿಂದ ಒಂದು ಹಾಸ್ಟೆಲ್ ಟ್ರಸ್ಟಿನಲ್ಲಿದ್ದೇನೆ. ಸೇರಿಸಿಕೊಂಡಾಗ ಹೇಳಿದ್ದು, "ಒಬ್ಬರು ಮಹಿಳೆ ಇರಲಿ ಅಂತ." ಮೊದಲ ಐದು ವರ್ಷ ನನ್ನ ಕೆಲಸ ಅತಿಥಿಗಳಿಗೆ ಆರತಿ ತಟ್ಟೆ ಹಿಡಿಯುವುದು ಮತ್ತು ಪ್ರಾರ್ಥನೆ ಹಾಡುವ ಹುಡುಗಿಯರನ್ನು ಹುಡುಕುವುದು. ಶಾಲು, ಹಾರ, ಫಲತಾಂಬೂಲ ಯಾರಿಗೆ ಎನ್ನುವ ಚರ್ಚೆಗೆ ಎರಡು ಗಂಟೆ, ಜಮಾಖರ್ಚಿಗೆ ಎರಡು ನಿಮಿಷ.

ಒಂದು ಸಭೆಯಲ್ಲಿ ನಾನು ನಡವಳಿ ಪುಸ್ತಕ ಕೇಳಿದೆ. ಎಲ್ಲರೂ ನನ್ನ ಮುಖ ನೋಡಿದರು. ಪುಸ್ತಕ ಸಿಕ್ಕಿತು. ಅದರಲ್ಲಿ ಹಳೆಯ ಠೇವಣಿಯೊಂದರ ಉಲ್ಲೇಖವಿತ್ತು, ಆದರೆ ರಸೀದಿ ಇರಲಿಲ್ಲ. ಬ್ಯಾಂಕಿಗೆ ನಾಲ್ಕು ಸಲ ಹೋದೆ. ಹತ್ತು ವರ್ಷ ಯಾರೂ ಮುಟ್ಟದ ಹಣ ರಿಸರ್ವ್ ಬ್ಯಾಂಕಿನ ಡಿಇಎ ನಿಧಿಗೆ ಹೋಗುತ್ತದೆ ಎಂದು ನನಗೆ ಆಗಲೇ ತಿಳಿದದ್ದು. ಹೋದರೂ ಅದು ನಮ್ಮದೇ, ಅರ್ಜಿ ಕೊಟ್ಟರೆ ಬಡ್ಡಿ ಸಮೇತ ವಾಪಸ್ ಬರುತ್ತದೆ, ಬಂತು. ಆ ಹಣದಲ್ಲಿ ಹುಡುಗಿಯರ ಸ್ನಾನದ ಮನೆಗೆ ಸೋಲಾರ್ ಹಾಕಿಸಿದೆವು. ಅದರ ಉದ್ಘಾಟನೆಯಲ್ಲೂ ನನ್ನ ಕೈಗೆ ಆರತಿ ತಟ್ಟೆ ಕೊಟ್ಟರು, ಅದು ಬೇರೆ ಮಾತು.

ಓಡಬೇಡಪ್ಪ. ಪುಸ್ತಕ ಕೇಳು.

ಮಂಡ್ಯದ_ಬೆಲ್ಲ
ಟೀಚರಮ್ಮ, ನಿಮ್ಮ ಕಾಲಿಗೆ ಅಡ್ಡಬಿದ್ದೆ.

ಡಬ್ಲಿನ್_ಮಳೆ
ನಾನು ಐರ್ಲೆಂಡಲ್ಲಿರೋದು, ಊರು ತೀರ್ಥಹಳ್ಳಿ ಕಡೆ. ನಮ್ಮ ಗುಂಪಲ್ಲಿ ಇಂಥ ಕೆಲಸಕ್ಕೆ ದುಡ್ಡು ಕಳಿಸೋಕೆ ತುಂಬಾ ಜನ ರೆಡಿ. ಹುಡುಗ, ನಿಮ್ಮ ಖಾತೆ ನಂಬರ್ ಕೊಡಿ, ಹೊಸ ಫ್ರೀಜರ್ ನಾವು ಕೊಡಿಸ್ತೀವಿ.

ಕಟಕಟೆ
ನಿಲ್ಲಿ ನಿಲ್ಲಿ. ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು?

ಭಾರತದ ಪಾಸ್‌ಪೋರ್ಟ್ ಇದ್ರೆ, ನಿಮ್ಮ ಸ್ವಂತ ಉಳಿತಾಯದ ದುಡ್ಡು ಬ್ಯಾಂಕ್ ಮೂಲಕ ಕಳಿಸಿದ್ರೆ ತೊಂದರೆ ಇಲ್ಲ. ಅಲ್ಲಿನ ಪೌರತ್ವ ತಗೊಂಡು ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿಯರಿಗೆ ಕೊಡೋದು) ಇಟ್ಕೊಂಡಿರೋರು ಕೊಟ್ರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದ ಟ್ರಸ್ಟ್ ಅದನ್ನ ಮುಟ್ಟೋ ಹಾಗಿಲ್ಲ. ನೋಂದಣಿ ಇದ್ರೂ 2020ರ ತಿದ್ದುಪಡಿ ಆದ್ಮೇಲೆ ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಊರ ಅಭಿಮಾನದಿಂದ ನೀವು ಕಳಿಸೋ 50 ಸಾವಿರ ಆ ಮುದುಕರನ್ನ ಕೋರ್ಟ್ ಹತ್ತಿಸಬಹುದು.

ಡಬ್ಲಿನ್_ಮಳೆ
ಅಯ್ಯೋ. ನಂದು ಇಂಡಿಯನ್ ಪಾಸ್‌ಪೋರ್ಟೇ, ಆದ್ರೆ ಗುಂಪಲ್ಲಿ ಅರ್ಧ ಜನ ಇಲ್ಲಿಯವರಾಗಿದ್ದಾರೆ. ಅಂದ್ರೆ ಒಟ್ಟಿಗೆ ಸೇರಿಸಿ ಕಳಿಸೋ ಹಾಗಿಲ್ಲ.

ಕಟಕಟೆ
ಖಂಡಿತ ಇಲ್ಲ. ಯಾರ ದುಡ್ಡು ಯಾರದ್ದು ಅಂತ ಬೇರ್ಪಡಿಸೋಕೆ ಆಗದ ಹುಂಡಿ ಕಳಿಸ್ಬೇಡಿ.

ಜೋಳದರೊಟ್ಟಿ
ನಮ್ಮ ಕಡೆ ಟ್ರಸ್ಟಿ ಅನ್ನಂಗಿಲ್ರಿ, ಪಂಚರು ಅಂತಾರ. ಪಂಚ ಕಮಿಟಿ. ರೊಕ್ಕ ತಗೊಂಡ್ರ ಪಾವತಿ ಹರೀಬೇಕು, ಖರ್ಚ ಮಾಡೂದಾದ್ರ ಠರಾವ್ ಆಗಬೇಕು. ಇವೆರಡು ಇಲ್ಲಂದ್ರ ದೇವರ ಬಂದು ಲೆಕ್ಕಾ ಹೇಳಿದ್ರೂ ನಂಬಂಗಿಲ್ಲ.

ನಮ್ಮಪ್ಪ ವಾರಾನ್ನ ಉಂಡು ಕಲ್ತಾಂವ. ಸೋಮವಾರ ಒಬ್ಬರ ಮನಿ, ಮಂಗಳವಾರ ಇನ್ನೊಬ್ಬರ ಮನಿ. ಬೆಳಗಾವಿಯ ಕೆಎಲ್‌ಇ ಶಿಕ್ಷಣ ಸಂಸ್ಥಾ ಅನ್ನೂದು 1916ರಾಗ ಏಳು ಮಂದಿ ಮಾಸ್ತರು ಕೂಡಿ ಹುಟ್ಟಿಸಿದ್ದು, ಸಪ್ತರ್ಷಿಗಳು ಅಂತ ಕರೀತಾರ. ನಿಮ್ಮೂರಾಗೂ ಏಳು ಮಂದಿ ಅಂದ್ರಿ, ನೆನಪಾತು.

ಎಲ್ಲಾ_ಕಳ್ರೇ
ಕೆಎಲ್‌ಇ ಎಲ್ಲಿ, ಎರಡು ಫ್ರೀಜರ್ ಪೆಟ್ಟಿಗೆ ಎಲ್ಲಿ.

ಜೋಳದರೊಟ್ಟಿ
ಅವರೂ ಶುರು ಮಾಡಿದ್ದು ಒಂದ್ ಸಾಲಿಯಿಂದನ ಅಲ್ಲೇನ್ರಿ. ಹುಟ್ಟಿದ ಕೂಡ್ಲೆ ಯಾರೂ ಮೆಡಿಕಲ್ ಕಾಲೇಜ್ ಕಟ್ಟಂಗಿಲ್ಲ.

ಕುಂದಾಪ್ರದ_ಗಾಳಿ
ಟ್ರಸ್ಟಿಗೆ ಕನ್ನಡದಲ್ಲಿ ಎಂತ ಹೇಳುದು ಸರಿ? ಧರ್ಮದರ್ಶಿ ಅಂದ್ರೆ ದೇವಸ್ಥಾನದ ವಾಸನೆ. ವಿಶ್ವಸ್ತ ಅಂದ್ರೆ ಸರ್ಕಾರಿ ಸುತ್ತೋಲೆ. ಮೊಕ್ತೇಸರ ಅಂದ್ರೆ ಘಟ್ಟದ ಮೇಲೆ ಯಾರಿಗೂ ಅರ್ಥ ಆಗುದಿಲ್ಲ.

ಮಂಡ್ಯದ_ಬೆಲ್ಲ
ನಮ್ ಕಡೆ "ಕಮಿಟಿಯೋರು" ಅಷ್ಟೆ. ಬೈಯಕ್ಕೂ ಅದೇ, ಹೊಗಳಕ್ಕೂ ಅದೇ.

ಆಡಿಟ್_ಅಣ್ಣ
ಸೌಹಾರ್ದದ ದುಡ್ಡಿನ ಬಗ್ಗೆ ಯಾರೂ ಮಾತಾಡ್ಲಿಲ್ಲ. ಬ್ಯಾಂಕಾದ್ರೆ, ಸಹಕಾರಿ ಬ್ಯಾಂಕೂ ಸೇರಿ, 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಹಕಾರಿ, ಸೌಹಾರ್ದಗಳಿಗೆ ಆ ವಿಮೆ ಇಲ್ಲ. ಅಲ್ಲದೆ ಟ್ರಸ್ಟಿನ ಹಣ ಎಲ್ಲಿಡಬೇಕು ಅಂತ ಆದಾಯ ತೆರಿಗೆ ಕಾಯ್ದೆಯ 11(5)ರಲ್ಲಿ ಪಟ್ಟಿನೇ ಇದೆ. ಬ್ಯಾಂಕಿಂಗ್ ನಡೆಸೋ ಸಹಕಾರ ಸಂಘ ಅಂತ ಅದರಲ್ಲಿ ಬರತ್ತೆ, ನಿಮ್ಮದು ಆ ಸಾಲಿಗೆ ಸೇರತ್ತಾ ಅನ್ನೋದೇ ತಕರಾರಾಗತ್ತೆ. ಚೀಟಿ, ಕೈಸಾಲ ಅಂತೂ ಕೇಳಲೇಬೇಡಿ. ಒಂದು ಪರ್ಸೆಂಟ್ ಬಡ್ಡಿ ಆಸೆಗೆ ಅಸಲು ಕಳ್ಕೊಂಡ ಊರುಗಳನ್ನ ನಾನು ಕಣ್ಣಾರೆ ನೋಡಿದ್ದೀನಿ. ಅವಧಿ ಮುಗಿದ ದಿನವೇ ತೆಗೀರಿ.

ಹೊಳೆಬದಿ_ಹುಡುಗ
ಅದು ಮುಂದಿನ ತಿಂಗಳು ಮುಗಿಯತ್ತೆ. ಬರ್ಕೊಂಡೆ.

ಈಗ ಹೊಸ ತಲೆನೋವು. ನಿನ್ನೆ ರಾತ್ರಿ ನಗದು ಪುಸ್ತಕ ಪೂರ್ತಿ ನೋಡಿದೆ. ಪೋಸ್ಟ್ ಮಾಸ್ಟ್ರ ಕೈಬರಹ ಮುತ್ತು, ಪೈಸೆ ಪೈಸೆ ಬರೆದಿದ್ದಾರೆ. ಎಲ್ಲಾ ಬಿಲ್ಲೂ ಕಂಬಿಗೆ ಚುಚ್ಚಿಟ್ಟಿದ್ದಾರೆ, 11 ವರ್ಷದ್ದು. ಆದ್ರೆ ಜಮಾ ಕಡೆ ಅಲ್ಲಲ್ಲಿ "ಹಿತೈಷಿಯೊಬ್ಬರಿಂದ" ಅಂತ ಇದೆ. ಹೆಸರಿಲ್ಲ, ರಸೀದಿ ನಂಬರಿಲ್ಲ. 1500, 2200, ಒಮ್ಮೆ 6000. ಕೂಡಿಸಿದೆ, 11 ವರ್ಷಕ್ಕೆ 1,84,350 ರೂಪಾಯಿ. ಯಾರು ಈ ಹಿತೈಷಿ ಅಂತ ಕೇಳಿದ್ರೆ "ಇದ್ದಾರೆ ಮಾರಾಯ, ಊರಿನವರೇ" ಅಂತ ವಿಷಯ ತೇಲಿಸಿದ್ರು.

ಎಲ್ಲಾ_ಕಳ್ರೇ
ಹಾ! ಬಂತು ನೋಡಿ. ಹೆಸರಿಲ್ಲದ ದಾನಿ! ಯಾರದ್ದೋ ಕಪ್ಪು ದುಡ್ಡು ಬಿಳಿ ಮಾಡೋ ದಂಧೆ. ನಾನು ಮೊದಲ್ನೇ ದಿನವೇ ಹೇಳ್ದೆ.

ಸುಮ್ನೆ_ಓದ್ತೀನಿ
11 ವರ್ಷಕ್ಕೆ 1.84 ಲಕ್ಷ. ಎಂಥಾ ದಂಧೆ ಸ್ವಾಮಿ. ವರ್ಷಕ್ಕೆ 17 ಸಾವಿರ.

ಆಡಿಟ್_ಅಣ್ಣ
ಕಾನೂನು ಹೇಳಿಬಿಡ್ತೀನಿ. ಕೊಟ್ಟವರ ಹೆಸರು ವಿಳಾಸ ಇಲ್ಲದ ದೇಣಿಗೆಗೆ 115ಬಿಬಿಸಿ ಅಡಿ 30% ತೆರಿಗೆ. ಆದ್ರೆ ವರ್ಷದ ಒಟ್ಟು ದೇಣಿಗೆಯ 5% ಅಥವಾ 1 ಲಕ್ಷ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅಷ್ಟಕ್ಕೆ ಈ ತೆರಿಗೆ ಇಲ್ಲ. ನಿಮ್ಮದು ಅದರ ಹತ್ತಿರಕ್ಕೂ ಬರಲ್ಲ. ಭಯ ಬೇಡ. ಆದ್ರೆ ರಸೀದಿ ಇಲ್ಲದ ಜಮಾ ನನಗೆ ಇಷ್ಟ ಇಲ್ಲ.

ನಿವೃತ್ತ_ಟೀಚರಮ್ಮ
ಮಗೂ, ಆ ಜಮಾಗಳ ತಾರೀಖು ಯಾವುದು ನೋಡು. ಹಾಗೇ ಆ ದಿನಕ್ಕೆ ಮೊದಲು ಕೈಯಲ್ಲಿದ್ದ ನಗದು ಎಷ್ಟು ಅಂತಲೂ ನೋಡು.

ಹೊಳೆಬದಿ_ಹುಡುಗ
ನೋಡಿದೆ.

ಎಲ್ಲಾ ತಿಂಗಳ ಮೊದಲ ವಾರದೊಳಗೆ. ಪ್ರತಿ ಸಲವೂ ಅದಕ್ಕೆ ಮೊದಲು ಕೈ ಶಿಲ್ಕು ನೂರೋ ಇನ್ನೂರೋ. ಮಾರನೇ ದಿನವೇ ಖರ್ಚು: ಡ್ರೈವರ್ ಸಂಬಳ, ಡೀಸೆಲ್ಲು, ಫ್ರೀಜರ್ ಕಂಪ್ರೆಸರ್ ರಿಪೇರಿ. 6000 ಬಂದಿದ್ದು ಇನ್ಶೂರೆನ್ಸ್ ಕಟ್ಟೋ ಹಿಂದಿನ ದಿನ.

ನಿವೃತ್ತ_ಟೀಚರಮ್ಮ
ತಿಂಗಳ ಮೊದಲ ವಾರ ಊರಿನಲ್ಲಿ ಯಾರ ಕೈಯಲ್ಲಿ ಹಣ ಇರುತ್ತದೆ? ನನ್ನಂಥವರ ಕೈಯಲ್ಲಿ. ಪಿಂಚಣಿ.

ಮಂಡ್ಯದ_ಬೆಲ್ಲ
ಅಯ್ಯೋ ಶಿವನೇ.

ಕುಂದಾಪ್ರದ_ಗಾಳಿ
ಪೋಸ್ಟ್ ಮಾಸ್ಟ್ರೇ ಮಾರಾಯ್ರೆ!! ಅವ್ರೇ!!

ಎಲ್ಲಾ_ಕಳ್ರೇ
ಸರಿ. ಇವರೊಬ್ರು ಬಿಟ್ಟು ಎಲ್ಲಾ ಕಳ್ರೇ.

ಹೊಳೆಬದಿ_ಹುಡುಗ
ಇವತ್ತು ಸಂಜೆ ಅವರ ಮನೆಗೆ ಹೋಗಿದ್ದೆ. ಜಗಲಿ ಮೇಲೆ ಕೂತು ಅಡಿಕೆ ಕತ್ತರಿಸ್ತಿದ್ರು. ನೇರ ಕೇಳಿದೆ, ಹಿತೈಷಿ ನೀವೇ ಅಲ್ವಾ ಅಂತ. ತಲೆ ಎತ್ತಲಿಲ್ಲ. "ಗಾಡಿಗೆ ಡೀಸೆಲ್ ಬಿತ್ತಲ್ಲ, ಯಾರು ಹಾಕ್ಸಿದ್ರೆ ನಿಂಗೇನು" ಅಂದ್ರು. ಒಳಗಿಂದ ಅವರ ಹೆಂಡತಿ, "ನಂಗೂ ಹೇಳಿರ್ಲಿಲ್ಲ. ಪೆನ್ಶನ್ನಲ್ಲಿ ಅಷ್ಟು ಕಟ್ ಆಗಿ ಬರತ್ತೆ ಅಂತಿದ್ರು" ಅಂದ್ರು. ಅಲ್ಲಿಂದ ಮುಂದೆ ಅರ್ಧ ಗಂಟೆ ಗಂಡ ಹೆಂಡತಿ ಜಗಳ. ನಾನು ಕಳಲೆ ಪಲ್ಯ ತಿಂದು ಎದ್ದು ಬಂದೆ.

ಹೆಸರು ಹಾಕಿಸೋಣ, ಬೇಕಿದ್ರೆ ಸಾಲ ಅಂತ ಬರೆದು ನಿಧಾನ ವಾಪಸ್ ಕೊಡೋಣ ಅಂದೆ. ಎರಡಕ್ಕೂ ಒಪ್ಪಲ್ಲ.

ಆಡಿಟ್_ಅಣ್ಣ
ಸಾಲ ಅಂತ ಈಗ ಬರೆಯೋ ಮಾತೇ ಇಲ್ಲ. ಹಿಂದಿನ ತಾರೀಖು ಹಾಕಿ ಠರಾವು ಬರೆಯೋಕೆ ನಾನಂತೂ ಹೇಳಲ್ಲ. ಲೆಕ್ಕ ಮುಗಿದ ವರ್ಷ ಮುಗೀತು. ಇನ್ನು ಮುಂದಿನದಕ್ಕೆ ರಸೀದಿ ಹರೀಲೇಬೇಕು, ಅವರ ಹೆಸರಲ್ಲೇ.

ಕಟಕಟೆ
ಯಾಕೆ ಒತ್ತಾಯ? ತೆರಿಗೆ ಇಲ್ಲ ಅಂತ ನೀವೇ ಹೇಳಿದ್ರಿ. ಗುಪ್ತದಾನ ಮಾಡೋದು ಅವರ ಇಷ್ಟ.

ಆಡಿಟ್_ಅಣ್ಣ
ವಕೀಲ್ರೇ, ನಾಳೆ ಅವರು ತೀರಿಕೊಂಡ್ರೆ ಈ "ಹಿತೈಷಿ" ಯಾರು ಅಂತ ಹೊಸ ಟ್ರಸ್ಟಿ ಉತ್ತರ ಕೊಡಬೇಕು. ಈಗ ಇಲ್ಲೇ ನೋಡಿದ್ರಲ್ಲ, ಒಬ್ರು ಎರಡೇ ನಿಮಿಷಕ್ಕೆ ಕಪ್ಪು ಹಣ ಅಂದುಬಿಟ್ರು. ಆ ಮನುಷ್ಯ ಬದುಕಿದ್ದಾಗ ಕೊಟ್ಟ ದುಡ್ಡಿಗೆ ಸತ್ತ ಮೇಲೆ ಕಳ್ಳ ಅನ್ನಿಸ್ಕೋಬೇಕಾ? ರಸೀದಿ ಒಳಗೇ ಇರತ್ತೆ, ಕಲ್ಲಿನ ಮೇಲೆ ಕೆತ್ತಿಸಿ ಅಂತ ನಾನು ಹೇಳ್ತಿಲ್ಲ.

ಎಲ್ಲಾ_ಕಳ್ರೇ
ನನ್ನ ಹೆಸರು ತೆಗೆದು ಹೇಳಿ ಪರವಾಗಿಲ್ಲ. ತಪ್ಪಾಯ್ತು. ಆದ್ರೆ ಒಂದು ಕೇಳ್ತೀನಿ. ಬಾಕಿ ಟ್ರಸ್ಟಿಗಳು ಎಲ್ಲಿದ್ರು? ನಮ್ಮೂರಲ್ಲಿ ಆಜೀವ ಟ್ರಸ್ಟಿಗಳು ಅಂತಾರೆ, ಫೋಟೋಕ್ಕೆ ಹಾರ ಬೀಳೋವರೆಗೂ ಕುರ್ಚಿ ಬಿಡಲ್ಲ, ಸಭೆಗೂ ಬರಲ್ಲ. ಅಂಥವರನ್ನ ತೆಗೆಯೋಕೆ ದಾರಿ ಇದ್ಯಾ?

ಕಟಕಟೆ
ಟ್ರಸ್ಟ್ ಡೀಡ್‌ನಲ್ಲಿ (ಟ್ರಸ್ಟ್ ಮಾಡಿದಾಗ ಬರೆದ ಪತ್ರ) ಅವಧಿ ಬರೆದಿದ್ರೆ ಸುಲಭ. ಇಲ್ಲದಿದ್ರೆ ಸಿವಿಲ್ ಪ್ರೊಸೀಜರ್ ಕೋಡ್‌ನ 92ನೇ ಸೆಕ್ಷನ್. ಟ್ರಸ್ಟಿನಲ್ಲಿ ಹಿತಾಸಕ್ತಿ ಇರೋ ಇಬ್ಬರು ಸಾಕು, ಕೋರ್ಟ್ ಅನುಮತಿ ತಗೊಂಡು ದಾವೆ ಹಾಕಬಹುದು. ಟ್ರಸ್ಟಿಯನ್ನ ತೆಗೀರಿ, ಲೆಕ್ಕ ಕೊಡಿಸಿ ಅಂತ ಕೇಳಬಹುದು. ಸಂಘ ಆಗಿದ್ರೆ ಬೇರೆ ದಾರಿ, 1960ರ ಸಂಘಗಳ ನೋಂದಣಿ ಕಾಯ್ದೆ, 25ನೇ ಸೆಕ್ಷನ್ ಅಡಿ ರಿಜಿಸ್ಟ್ರಾರ್ ವಿಚಾರಣೆ ಮಾಡ್ತಾರೆ. ಎಷ್ಟೋ ಜನಕ್ಕೆ ತಮ್ಮದು ಟ್ರಸ್ಟೋ ಸಂಘವೋ ಅನ್ನೋದೇ ಗೊತ್ತಿರಲ್ಲ. ಬೋರ್ಡಲ್ಲಿ ಎರಡೂ ಬರೆಸಿರ್ತಾರೆ.

ಹೊಳೆಬದಿಯವರೇ, ನಿಮ್ಮ ಡೀಡ್‌ನಲ್ಲಿ ಖಾಲಿ ಜಾಗ ತುಂಬೋದು ಹೇಗೆ, ಕೋರಂ (ಸಭೆಗೆ ಬೇಕಾದ ಕನಿಷ್ಠ ಜನ) ಎಷ್ಟು? ಇರೋ ನಾಲ್ವರಲ್ಲಿ ಒಬ್ಬರಿಗೆ ನೆನಪಿಲ್ಲ ಅಂದ್ರಿ. ಕೋರಂ ನಾಲ್ಕು ಅಂತಿದ್ರೆ ನಿಮ್ಮ ನೇಮಕವೇ ನಿಲ್ಲಲ್ಲ.

ಹೊಳೆಬದಿ_ಹುಡುಗ
ಕೋರಂ ಮೂರು. ಈಗಷ್ಟೇ ನೋಡಿ ಉಸಿರು ಬಿಟ್ಟೆ. ಉಳಿದ ಟ್ರಸ್ಟಿಗಳು ಬಹುಮತದಿಂದ ಹೊಸಬರನ್ನ ತಗೋಬಹುದು ಅಂತಿದೆ. ಅವಧಿ ಬರೆದಿಲ್ಲ.

ಜೋಳದರೊಟ್ಟಿ
ನೀವ್ ಒಬ್ರ ಹೋಗಬ್ಯಾಡ್ರಿ. ಮೂರು ಮಂದಿ ಹೊಸಬರು ಒಮ್ಮೆಲೇ ಹೋಗ್ರಿ. ಒಬ್ಬ ಲೆಕ್ಕ ಬರಿಯಾಂವ, ಒಬ್ಬ ಓಡ್ಯಾಡಾಂವ, ಒಬ್ಬಾಕಿ ಜಗಳಾ ತಗಿಯಾಕಿ.

ನಿವೃತ್ತ_ಟೀಚರಮ್ಮ
ಜಗಳ ತೆಗೆಯುವವಳಿಗೆ ಆರತಿ ತಟ್ಟೆ ಕೊಡಬೇಡಿ.

ಹೊಳೆಬದಿ_ಹುಡುಗ
ಹತ್ತು ದಿನ ಆದ್ಮೇಲೆ ಬರ್ತಿದ್ದೀನಿ. ಕೇಳಿದೋರಿಗೆಲ್ಲ ಸೇರಿಸಿ ಹೇಳ್ತೀನಿ.

ಭಾನುವಾರ ಸಭೆ ಆಯ್ತು, ಪೋಸ್ಟ್ ಮಾಸ್ಟ್ರ ಜಗಲಿಯಲ್ಲೇ. ನಾನು, ಮೆಡಿಕಲ್ ಶಾಪ್ ನಡೆಸೋ ಒಬ್ರು ಅಕ್ಕ, ಮತ್ತೆ ಹೈಸ್ಕೂಲ್ ಗಣಿತದ ಮೇಷ್ಟ್ರು, ಮೂವರೂ ಸೇರಿದ್ವಿ. ನಡವಳಿ ಬರೆದು ಅಲ್ಲೇ ಓದಿ ಅಲ್ಲೇ ಸಹಿ. ನಮಗೆ ಮೂವರಿಗೂ ಐದು ವರ್ಷ ಅಂತ ನಾವೇ ಠರಾವಲ್ಲಿ ಬರೆಸ್ಕೊಂಡ್ವಿ. ಬ್ಯಾಂಕಲ್ಲಿ ಎಲ್ಲರ ಕೆವೈಸಿ ಬೇಕಂತೆ, ಬೆಂಗಳೂರಿನ ಅಜ್ಜನದ್ದೂ. ಅವರ ಮಗಳ ಜೊತೆ ಮಾತಾಡಿದ್ದೀನಿ, ಡೀಡ್ ಪ್ರಕಾರ ಅವರನ್ನ ಬಿಡುಗಡೆ ಮಾಡೋದು ಹೇಗೆ ಅಂತ ಊರಿನ ವಕೀಲರು ನೋಡ್ತಿದ್ದಾರೆ. ಅಧ್ಯಕ್ಷರ ಮಕ್ಕಳು ಫಾರಂ 31ಕ್ಕೆ ಸಹಿ ಹಾಕಿಕೊಟ್ರು. ಮೂರನೇ ಸೊಸೆಯೇ ಎಲ್ಲರಿಗಿಂತ ಮೊದಲು ಆಧಾರ್ ಜೆರಾಕ್ಸ್ ತಂದಿದ್ದು. ಕಟಕಟೆಯವರಿಗೆ ತಿಳಿಸ್ತಿದ್ದೀನಿ.

ಕಟಕಟೆ
ಆ ಸೊಸೆಗೆ ನನ್ನ ನಮಸ್ಕಾರ ಹೇಳಿ.

ಡಬ್ಲಿನ್_ಮಳೆ
ನನ್ನದೊಬ್ಬನದ್ದೇ ಕಳಿಸ್ತೀನಿ, ಪಾಸ್‌ಪೋರ್ಟ್ ಕಾಪಿ ಸಮೇತ. ಫ್ರೀಜರ್ ಎಷ್ಟಾಗತ್ತೆ?

ಹೊಳೆಬದಿ_ಹುಡುಗ
ಫ್ರೀಜರ್ ಬೇಡ ಸರ್, ಇರೋದು ನಡೀತಿದೆ. ಗಾಡಿಗೆ ನಾಲ್ಕು ಟೈರ್ ಬೇಕು. ಟೈರ್ ಮೇಲೆ ಹೆಸರು ಬರೆಯೋಕಾಗಲ್ಲ ಅಂತ ಯಾರೂ ಕೊಡ್ತಿಲ್ಲ.

ಮಂಡ್ಯದ_ಬೆಲ್ಲ
😂😂 ಸ್ಟೆಪ್ನಿ ಮ್ಯಾಲೆ ಬರೀಬೋದು ಕಣಣ್ಣ.

ಆಡಿಟ್_ಅಣ್ಣ
ಹಿತೈಷಿ ವಿಷಯ ಏನಾಯ್ತು? ಅದನ್ನ ಮಾತ್ರ ಜಾಣತನದಿಂದ ಬಿಟ್ರಲ್ಲ.

ಹೊಳೆಬದಿ_ಹುಡುಗ
ಮೆಡಿಕಲ್ ಶಾಪ್ ಅಕ್ಕ ರಸೀದಿ ಪುಸ್ತಕ ಅವರ ಮುಂದೆ ಇಟ್ಟು, "ಈ ತಿಂಗಳದ್ದು ಕೊಡಿ, ಹೆಸರು ನಾನು ಬರೀತೀನಿ" ಅಂದ್ರು. ಅವರು, "ಈ ತಿಂಗಳು ಕೊಡಲ್ಲ, ಕೈ ಶಿಲ್ಕು ಇದೆಯಲ್ಲ" ಅಂದ್ರು. ಸದ್ಯಕ್ಕೆ ಅಷ್ಟೇ ಆಗಿರೋದು. ಒಂದನೇ ತಾರೀಖು ಬರ್ಲಿ.

ಸುಮ್ನೆ_ಓದ್ತೀನಿ
ಓಡು ಅಂದಿದ್ದು ನಾನೇ. ಒಂದು ಕೇಳ್ಬೇಕಿತ್ತು. ಊರ ಹೆಸರು ನೀವು ಹೇಳ್ಲಿಲ್ಲ, ಆದ್ರೆ ಹೊಳೆ, ಅಡಿಕೆ ಮಂಡಿ, ಬಸ್ ಸ್ಟ್ಯಾಂಡ್ ಹೋಟೆಲ್ ಅಂದಾಗ್ಲೇ ನಂಗೆ ಅಂದಾಜಾಗಿತ್ತು. ನಂದೂ ಅದೇ ಊರು. ಅಮ್ಮ ಸ್ನಾನದ ಮನೇಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ, ನಾಡಿದ್ದು ಡಿಸ್ಚಾರ್ಜ್. ಮಂಚ ಯಾವುದಾದ್ರೂ ಖಾಲಿ ಇದ್ಯಾ?

ಹೊಳೆಬದಿ_ಹುಡುಗ
ಒಂದಿದೆ. ನಾಳೆ ನಾಲ್ಕು ಗಂಟೆ ಮೇಲೆ ಆಟೋ ತಗೊಂಡು ಬನ್ನಿ, ನಾನೇ ಇರ್ತೀನಿ. ಠೇವಣಿ 500, ವಾಪಸ್ ಕೊಡ್ತೀವಿ. ರಸೀದಿ ಹರಿದುಕೊಡ್ತೀನಿ, ನಿಮ್ಮ ನಿಜವಾದ ಹೆಸರು ಬೇಕಾಗತ್ತೆ.